ಮೆತ್ತನೆಯ ತೋಟಾಗಳು

ಅಂಗಡಿಯಲ್ಲಿ ಇಪ್ಪತ್ತು ತೋಟಾಗಳ ಪೆಟ್ಟಿಗೆಗೆ ನಲವತ್ತೆಂಟು ಡಾಲರ್. ಹಾರಿಸಿದ ಹಿತ್ತಾಳೆ ಕೊಳವೆಗಳನ್ನೇ ಆಯ್ದು ತಂದು, ಕೇಪು, ಮದ್ದು, ಗುಂಡು ಹೊಸದಾಗಿ ಹಾಕಿಕೊಂಡರೆ ಅದರ ಅರ್ಧಕ್ಕೂ ಕಡಿಮೆಯಲ್ಲಿ ಮುಗಿಯುತ್ತದೆ. ಮೊಂಟಾನಾದ ಎಲ್ಡನ್ ಸ್ಕಾರ್ ಈ ಲೆಕ್ಕವನ್ನು ಊರಿನ ಪಾದ್ರಿಗೂ ಬಿಡದೆ ಹೇಳಿದ್ದ. ತೋಟಾ ಕಟ್ಟಲೆಂದು ಹಿತ್ತಲ ಶೆಡ್ಡಿನಲ್ಲಿ ಕೂಡಿಹಾಕಿದ ಸಾಮಾನಿಗೆ ಸುರಿದ ದುಡ್ಡು ಆ ಲೆಕ್ಕದಲ್ಲಿ ಬರುತ್ತಿರಲಿಲ್ಲ. ಅದನ್ನು ನೆನಪಿಸಲು ಹೆಂಡತಿ ವರ್ಲಾ ಇದ್ದಳು.

ಭಾನುವಾರ ಊರಿನ ಅಗ್ನಿಶಾಮಕ ಠಾಣೆಯ ಹಿಂದೆ ಗುರಿ ಹೊಡೆಯುವ ಪಂದ್ಯ. ಗೆದ್ದವರಿಗೆ ಟರ್ಕಿ ಕೋಳಿ. ವರ್ಲಾಳ ಭುಜಕ್ಕೆ ಆಪರೇಷನ್ ಆಗಿದ್ದರಿಂದ, ರೈಫಲ್ ಒದೆಯದಿರಲೆಂದು ಎಲ್ಡನ್ ಅವಳಿಗೆ ಮೆತ್ತನೆಯ ತೋಟಾ ಕಟ್ಟಲು ಕೂತ. ಮದ್ದು ಚುರುಕಾಗಿ ಉರಿಯುವಂಥದ್ದು, ಹಾಗಾಗಿ ಅಳತೆ ತೀರಾ ಕಡಿಮೆ.

ಮದ್ದು ಹಾಕುತ್ತಿರುವಾಗಲೇ ಪಕ್ಕದ ಮನೆಯ ರೂಡಿ ನುಗ್ಗಿದ.

"ಏ ಮುದುಕಾ, ದಿಣ್ಣೆ ಆಚೆ ಎಲ್ಕ್ ಜಿಂಕೆ ನೋಡ್ದೆ. ಕೊಂಬು ನಿನ್ನ ಪಿಕಪ್ಪಿಗಿಂತ ಅಗಲ!"

"ನಿನ್ನ ಬಾಯಿಗಿಂತ ಅಗಲ ಇರ್ಲಿಕ್ಕಿಲ್ಲ ಬಿಡು."

ಮಾತು ಸಾಗಿತು, ಎಲ್ಡನ್ನನ ಕೈಯೂ ಸಾಗಿತು. ರೂಡಿ ಹೋಗುವಷ್ಟರಲ್ಲಿ ಗುಂಡುಗಳೂ ಕೂತಿದ್ದವು. ಕಾಫಿ ತಂದ ವರ್ಲಾ ಮೊಳೆಗೆ ತೂಗುಬಿದ್ದ ಟಾರ್ಚ್ ನೋಡಿದಳು. ಅದರ ಮೇಲೆ ಧೂಳು.

"ಗುಂಡು ಕೂರಿಸೋ ಮೊದ್ಲು ಬೆಳಕು ಬಿಟ್ಟು ಒಳಗೆ ನೋಡಿದ್ಯಾ?"

"ಪಳಗಿದ ಕೈ ಕಣೇ ಇದು. ಎರಡು ಸಲ ಹಾಕಿದ್ರೆ ಮದ್ದು ಉಕ್ಕಿ ಮೇಜಿಗೇ ಚೆಲ್ಲುತ್ತೆ."

"ಅದು ನಿನ್ನ ಎಲ್ಕ್ ತೋಟಾದಲ್ಲಿ. ಇದ್ರಲ್ಲಿ ಮದ್ದು ತಳ ಬಿಟ್ಟು ಮೇಲೆ ಬರಲ್ಲ. ಎರಡು ಅಳತೆ ಹಾಕಿದ್ರೂ ತೆಪ್ಪಗೆ ನುಂಗ್ಕೊಂಡು ಕೂರುತ್ತೆ, ಹಾರಿಸಿದಾಗ ರೈಫಲ್ಲೇ ಮುಖಕ್ಕೆ ಸಿಡಿಯುತ್ತೆ."

ಎಲ್ಡನ್ ಕಾಫಿ ಕುಡಿದ. ಬಿಸಿ ಇತ್ತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

"ಮೊದಲ್ನೇದು ನಾನೇ ಹಾರಿಸ್ತೀನಿ, ಆಯ್ತಾ?"

"ಕೆಟ್ಟದ್ದು ಮೊದಲ್ನೇದೇ ಅಂತ ಅದು ನಿನ್ನ ಕಿವೀಲಿ ಹೇಳ್ತಾ? ನಿನ್ನ ಮುಖ ಇರೋದೇ ಅಷ್ಟು ಚೆಂದ. ಅದೂ ಸುಟ್ಟು ಹೋದ್ರೆ ಜೀವಮಾನವೆಲ್ಲ ನೋಡ್ಬೇಕಾದೋಳು ನಾನು. ಬಿಚ್ಚು ಎಲ್ಲಾನೂ. ಆ ರೂಡೀನೂ ಕರಿ, ಮಾತಾಡಿದೋನೂ ಬಿಚ್ಲಿ."

ಗುಂಡು ಕೀಳಲು ಸುತ್ತಿಗೆಯಂಥ ಒಂದು ಸಾಧನವಿದೆ. ತೋಟಾವನ್ನು ಅದರೊಳಗೆ ಸಿಕ್ಕಿಸಿ ಗಟ್ಟಿ ನೆಲಕ್ಕೆ ಕುಟ್ಟಿದರೆ ಗುಂಡೂ ಮದ್ದೂ ಕಳಚಿಕೊಳ್ಳುತ್ತವೆ. ಎಲ್ಡನ್ನನೂ ಕರೆಸಿಕೊಂಡ ರೂಡಿಯೂ ಸರದಿಯಲ್ಲಿ ಕುಟ್ಟಿದರು. ಒಂದೊಂದರ ಮದ್ದನ್ನೂ ವರ್ಲಾ ಬೇರೆ ಬೇರೆಯಾಗಿ ತಕ್ಕಡಿಗೆ ಸುರಿದಳು.

"ಎಲ್ಡನ್ ಕೈ ತಪ್ಪಿದ್ರೆ ನನ್ನ ಮೀಸೆ ಬೋಳಿಸ್ತೀನಿ," ಅಂದ ರೂಡಿ.

ಇನ್ನು ಮೂರೋ ನಾಲ್ಕೋ ಉಳಿದಿರುವಾಗ, ಒಂದರ ಮದ್ದಿಗೆ ತಕ್ಕಡಿ ತಟ್ಟನೆ ವಾಲಿತು. ಸರಿಯಾಗಿ ಎರಡು ಪಾಲು. ರೂಡಿಯ ಕೈ ತಾನಾಗಿಯೇ ಮೀಸೆಗೆ ಹೋಯಿತು.

"ಕ್ಷೌರದ ಬ್ಲೇಡು ಬಚ್ಚಲಲ್ಲಿದೆ," ಅಂದಳು ವರ್ಲಾ.

ಮರುದಿನ ಎಲ್ಡನ್ ಬಾಗಿಲಿಗೆ ಅಗುಳಿ ಹಾಕಿ, ಒಂದೊಂದು ಕೊಳವೆಯೊಳಗೂ ಟಾರ್ಚ್ ಬಿಟ್ಟು ನೋಡಿ ಹೊಸದಾಗಿ ಕಟ್ಟಿದ. ಭಾನುವಾರ ವರ್ಲಾ ಹಾರಿಸಿದಳು. ಭುಜ ನೋಯಲಿಲ್ಲ, ಗುಂಡು ಗುರಿಗೂ ತಾಗಲಿಲ್ಲ.

ಟರ್ಕಿ ಕೋಳಿ ಪಕ್ಕದ ಊರಿನವರ ಪಾಲಾಯಿತು. ರೂಡಿಯ ಮೀಸೆ ಹೋಯಿತು. ವರ್ಲಾಳ ಎರಡು ಕಣ್ಣೂ ಉಳಿದವು.