ಹಿಂದೆ ಬರುವವರು

ತಿರುವಿನಲ್ಲಿ ಮರೆಯಾಗುವ ಬೆನ್ನುಗಳು. ಕಾಡಿನ ಶಾಲೆಯ ಆ ಆರು ತಿಂಗಳನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅವೇ. ಒಂಬತ್ತು ಬೆನ್ನುಗಳು, ಅವುಗಳ ಮೇಲೆ ಒಂಬತ್ತು ಹೊರೆಗಳು, ಒಂದೊಂದಾಗಿ ಬಂಡೆಯ ಆಚೆ ಹೊರಳಿ ಇಲ್ಲವಾಗುತ್ತಿದ್ದವು. ಆಮೇಲೆ ದಾರಿಯಲ್ಲಿ ಉಳಿಯುತ್ತಿದ್ದವಳು ನಾನು, ನನ್ನ ಹಿಂದೆ ಗುರುಪಾದ ಮೇಷ್ಟ್ರು.

ಅದು ಗೋಡೆಯಿಲ್ಲದ ಶಾಲೆ. ಊರಿನ ಶಾಲೆಗಳಿಂದ ಹದಿನಾರು ಹದಿನೇಳರ ಮಕ್ಕಳನ್ನು ಅರ್ಧ ವರ್ಷಕ್ಕೆ ಕರೆದೊಯ್ದು ಕಾಡಿನಲ್ಲೇ ಇರಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ನಡಿಗೆ, ಮಧ್ಯಾಹ್ನ ಯಾವುದಾದರೂ ಹೊಳೆಯ ದಂಡೆಯಲ್ಲಿ ಪಾಠ, ಸಂಜೆ ಸೌದೆ ಆಯ್ದು ಅಡುಗೆ. ಗಿಡಮರಗಳ ಪಾಠವಿತ್ತು, ಕಲ್ಲುಮಣ್ಣಿನ ಪಾಠವಿತ್ತು, ತಪ್ಪಿಸಿಕೊಂಡೆವೆಂದುಕೊಂಡಿದ್ದ ಲೆಕ್ಕವೂ ಇತ್ತು. ನನಗೆ ನೆನಪಿರುವುದು ಮಾತ್ರ ದಣಿವೊಂದೇ. ಬೆಳಿಗ್ಗೆ ನನಗಿಂತ ಮೊದಲು ನನ್ನ ಮೊಣಕಾಲುಗಳಿಗೆ ಎಚ್ಚರವಾಗುತ್ತಿತ್ತು. ಮೇಷ್ಟ್ರು "ಈ ಮರದ ಹೆಸರೇನಮ್ಮ?" ಎಂದು ಕೇಳಿದರೆ, ನಾನು ಅದರ ಬುಡದಲ್ಲಿ ಒರಗಲು ಜಾಗವಿದೆಯೇ ಎಂದು ನೋಡುತ್ತಿದ್ದೆ.

ತಂಡದಲ್ಲಿ ನಾನೇ ನಿಧಾನಿ. ಉಳಿದವರು ಏರು ಹತ್ತಿ ಮುಗಿಸಿ, ನೆರಳಿನಲ್ಲಿ ಕೂತು, ಕಡಲೆಕಾಯಿ ಬಿಡಿಸುತ್ತ ನನ್ನ ದಾರಿ ಕಾಯುತ್ತಿದ್ದರು. ನನ್ನ ತಲೆ ಕಂಡದ್ದೇ ಮಂದಾಕಿನಿ "ಬಂದ್ಲು, ಏಳ್ರೋ" ಎನ್ನುತ್ತಿದ್ದಳು. ಅವಳು ಕೆಟ್ಟವಳಲ್ಲ. ನಾವಿಬ್ಬರೂ ಒಂದೇ ಗುಡಾರದವರು. ಮಲಗುವ ಮುಂಚೆ ನನ್ನ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದವಳು ಅವಳೇ. ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವನು ಸುಧನ್ವ. ಅನ್ನದ ದೊಡ್ಡ ಪಾತ್ರೆ ಅವನ ಬೆನ್ನಿಗೇ ಇರುತ್ತಿತ್ತು. ಒಮ್ಮೆ ಅವನು, "ನೀನು ದಾರೀಲಿ ನಿಲ್ಲೋದು ಕಮ್ಮಿ ಮಾಡು, ಎಲ್ಲ ಸರಿಹೋಗುತ್ತೆ" ಎಂದಿದ್ದ. ನಾನು ದಾರಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಆದರೆ ಅದನ್ನು ಹೇಳಿ ವಾದ ಮಾಡುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಮೇಷ್ಟ್ರು ನನ್ನನ್ನು ಕರೆದು ಕೂರಿಸಿಕೊಂಡರು.

"ನಾಳೆ ಘಟ್ಟದ ರಸ್ತೆ ಸಿಗೋ ಕಡೆ ಅಕ್ಕಿಬೇಳೆ ತಗೊಂಡು ಜೀಪು ಬರುತ್ತೆ. ಊರಿಗೆ ಹೋಗ್ಬೇಕು ಅನ್ಸಿದ್ರೆ ಅದರಲ್ಲಿ ಹೋಗಮ್ಮ. ಅವಮಾನ ಅಂತ ತಿಳ್ಕೋಬೇಡ. ಎಲ್ಲರ ಮೈಯೂ ಒಂದೇ ಥರ ಇರಲ್ಲ."

"ಹೋಗ್ತೀನಿ ಮೇಷ್ಟ್ರೇ" ಎಂದೆ. ಅಳು ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಕಸುವಿರಬೇಕು.

ಮಾರನೆಯ ಬೆಳಿಗ್ಗೆ ಹೊಳೆ ದಾಟುವಾಗ ಪಾಚಿಗಟ್ಟಿದ ಕಲ್ಲಿನ ಮೇಲೆ ಸುಧನ್ವನ ಕಾಲು ಜಾರಿತು. ಪಾದ ಉಳುಕಿತ್ತು. ಮೇಷ್ಟ್ರು ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದರು. ಅವನ ಹೊರೆಯನ್ನು ಉಳಿದವರು ಹಂಚಿಕೊಂಡರು. ಕೈಗೊಂದು ಕೋಲು ಹಿಡಿದು ಅವನು ನಮ್ಮಿಬ್ಬರ ಜೊತೆ ಕೊನೆಯಲ್ಲಿ ನಡೆಯತೊಡಗಿದ.

ಮೊದಲ ತಿರುವಿನಲ್ಲಿ ಆ ಬೆನ್ನುಗಳು ಒಂದೊಂದಾಗಿ ಮರೆಯಾದಾಗ ಅವನು ನಕ್ಕ. "ಹಿಂದಿನಿಂದ ನೋಡಿದ್ರೆ ನಾವು ಥೇಟ್ ಅಗಸರ ಕತ್ತೆಗಳೇ!" ನಾವು ಏರಿನ ತುದಿ ಮುಟ್ಟಿದಾಗ ಅಲ್ಲಿ ಕೂತಿದ್ದವರೆಲ್ಲ ಮಣ್ಣು ಕೊಡವಿಕೊಂಡು ಎದ್ದರು. ಅವನೂ ಅವರ ಹಿಂದೆ ನಡೆದ. ಎರಡನೆಯ ಏರಿನ ಕೊನೆಯಲ್ಲಿ ಕೋಲೂರಿ ಇನ್ನೇನು ಕೂರಬೇಕು, ಅಷ್ಟರಲ್ಲಿ ಅವರು ಹೊರಟಿದ್ದರು. ಮೂರನೆಯ ಏರಿಗೆ ಅವನ ನಗು ಹೋಗಿತ್ತು. ಮೇಲೆ ಮುಟ್ಟಿದಾಗ ಮಂದಾಕಿನಿ ಆಗಲೇ ಹೊರೆಯ ಪಟ್ಟಿಗೆ ತೋಳು ತೂರಿಸುತ್ತಿದ್ದಳು.

"ನಿಲ್ರೋ!" ಎಂದು ಸುಧನ್ವ ಕೂಗಿದ. "ಈಗ ತಾನೇ ಬಂದ್ವಿ ನಾವು!"

"ನಿಮಗೋಸ್ಕರ ಎಷ್ಟೊತ್ತಿಂದ ಕೂತಿದ್ವಲ್ಲೋ" ಎಂದಳು ಮಂದಾಕಿನಿ.

"ಕೂತಿದ್ದು ನೀವು ಕಣೇ. ನಾವೆಲ್ಲಿ ಕೂತ್ವಿ?" ಅವನ ಮಾತು ತಟ್ಟನೆ ನಿಂತಿತು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ದಿನಾ ಹೀಗೇನಾ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಎರಡು ತಿಂಗಳ ದಾರಿಗಳಲ್ಲಿ ಕೂತ ಒಂದು ಜಾಗವಾದರೂ ಸಿಗುತ್ತದೇನೋ ಎಂದು ಮನಸ್ಸಿನಲ್ಲೇ ಹುಡುಕಿದೆ. "ನೀರು ಕುಡಿಯೋವಾಗ ನಿಲ್ತಿದ್ದೆ" ಎಂದೆ.

ಮಂದಾಕಿನಿ ಹೊರೆಯನ್ನು ಬಿಚ್ಚದೆ ಹಾಗೆಯೇ ಕುಸಿದು ಕೂತಳು. ಗುರುಪಾದ ಮೇಷ್ಟ್ರು ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಒಂದು ಬಂಡೆಯ ಮೇಲೆ ಇಳಿದರು.

"ನನಗೂ ಹೊಳೀಲಿಲ್ಲ ನೋಡಿ" ಎಂದರು. "ಈ ವರ್ಷ ಯಾಕೋ ವಯಸ್ಸಾಗಿಬಿಡ್ತು ಅಂದ್ಕೊಂಡಿದ್ದೆ."

ಯಾರೋ ನಗಲು ಹೋಗಿ ನಿಲ್ಲಿಸಿದರು.

ಅಲ್ಲಿಂದ ಮುಂದೆ ನನ್ನನ್ನು ಎಲ್ಲರ ಮುಂದೆ ನಡೆಸಿದರು. ಅದರಿಂದ ಕಾಲುನೋವೇನೂ ಮಾಯವಾಗಲಿಲ್ಲ. ಬೆನ್ನ ಹಿಂದೆ ಅಷ್ಟೂ ಜನರ ಉಸಿರು ಕೇಳುತ್ತ ನಡೆಯುವುದು ಬೇರೆಯದೇ ಕಷ್ಟ. ಆದರೆ ನಾನು ಕೂತರೆ ಎಲ್ಲರೂ ಕೂರುತ್ತಿದ್ದರು. ಒಂದು ಕಡೆ ನಾನು ಕೂತಲ್ಲೇ ನಿದ್ದೆ ಹೋದೆನಂತೆ, ಯಾರೂ ಎಬ್ಬಿಸಲಿಲ್ಲ.

ಘಟ್ಟದ ರಸ್ತೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಜೀಪಿನ ಡ್ರೈವರ್ ಮೂಟೆಗಳನ್ನು ಇಳಿಸಿ, ಬೀಡಿ ಸೇದುತ್ತ ನಿಂತಿದ್ದ.

"ಎಷ್ಟೊತ್ತು ಕಾಯೋದು ಮೇಷ್ಟ್ರೇ? ಊರಿಗೆ ಯಾರಾದ್ರೂ ಬರೋರಿದ್ದಾರಾ?"

ಮೇಷ್ಟ್ರು ನನ್ನ ಮುಖ ನೋಡಿದರು. ಒಪ್ಪಿಕೊಂಡ ಮಾತು ನನ್ನ ನಾಲಿಗೆಯಲ್ಲಿತ್ತು. ಜೀಪಿನ ಹಿಂದಿನ ಸೀಟು ಮೆತ್ತಗೆ ಕಾಣುತ್ತಿತ್ತು; ರಾತ್ರಿಗೆ ಮನೆ, ಬಿಸಿನೀರು, ಹಾಸಿಗೆ. ಅಷ್ಟರಲ್ಲಿ ಸುಧನ್ವ ರಸ್ತೆಯ ಅಂಚಿನಲ್ಲಿ ಕೂತು ಶೂ ಬಿಚ್ಚಲು ಹೆಣಗುತ್ತಿದ್ದುದು ಕಂಡಿತು. ಬರಲೊಲ್ಲದು. ಮಂದಾಕಿನಿ ಅದನ್ನು ಎಳೆದು ತೆಗೆದು, ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಅವನ ಪಾದ ಊದಿ ನೀಲಿಗಟ್ಟಿತ್ತು. ಮೇಷ್ಟ್ರ ಮುಖ ಸಪ್ಪಗಾಯಿತು.

"ಸುಧನ್ವ, ನೀನು ಹತ್ತಪ್ಪ" ಎಂದರು. ಆಮೇಲೆ ನನಗೆ, "ನೀನಮ್ಮ?"

"ಸ್ವಲ್ಪ ಕೂತ್ಕೋತೀನಿ ಮೇಷ್ಟ್ರೇ" ಎಂದು ಅಕ್ಕಿಮೂಟೆಯ ಮೇಲೆ ಕೂತೆ.

ಅವರಿಗೆ ಅರ್ಥವಾಯಿತು. ಡ್ರೈವರ್‌ಗೆ ಕೈ ಬೀಸಿದರು. ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಸುಧನ್ವ ನಮ್ಮನ್ನೇ ನೋಡುತ್ತಿದ್ದ. ಜೀಪು ಹೊರಟಾಗ, "ನಿಧಾನಕ್ಕೆ ಹೋಗ್ರೋ" ಎಂದು ಕೂಗಿದ. ಮೂಳೆ ಬಿರುಕು ಬಿಟ್ಟಿತ್ತೆಂದು ಆಮೇಲೆ ತಿಳಿಯಿತು. ಆ ವರ್ಷ ಅವನು ಮತ್ತೆ ಬರಲಿಲ್ಲ.

ಸದ್ದು ಇಳಿಜಾರಿನಲ್ಲಿ ಕರಗಿತು. ಎಲ್ಲರೂ ರಸ್ತೆಯಂಚಿನಲ್ಲಿ ಅಲ್ಲಲ್ಲೇ ಕೂತಿದ್ದರು. ಯಾರೂ ನನ್ನ ಕಡೆ ನೋಡಿ ಅವಸರಪಡಿಸಲಿಲ್ಲ. ಎದುರಿನ ಮರದಲ್ಲಿ ಕೆಂಬಣ್ಣದ ದೊಡ್ಡ ಅಳಿಲೊಂದು ಎಲೆಯಿದ್ದ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೊಂಬೆಯಿಂದ ಕೊಂಬೆಗೆ ಹೋಗುತ್ತಿತ್ತು. ಕವಲಿನಲ್ಲಿ ಅದನ್ನಿಟ್ಟು, ತುಳಿದು, ಮತ್ತೆ ಇನ್ನೊಂದಕ್ಕೆ ಹೊರಡುತ್ತಿತ್ತು. ಗೂಡು ಇನ್ನೂ ಅರ್ಧವಾಗಿತ್ತು. ನಾನು ಗಲ್ಲಕ್ಕೆ ಕೈಯಾನಿಸಿ ಅದನ್ನೇ ನೋಡುತ್ತ ಕೂತೆ.