ಎದುರಿಗೆ ಬಂದವರ ಬೆರಳು

ಮತ್ತೊಬ್ಬ ಬೆರಳೆತ್ತಿದ, ಎದುರಿನಿಂದ ಧೂಳೆಬ್ಬಿಸಿಕೊಂಡು ಬಂದ ಪಿಕಪ್ ಗಾಡಿಯವನು, ಸ್ಟಿಯರಿಂಗ್ ಬಿಡದೆ ತೋರುಬೆರಳೊಂದನ್ನೇ ಎತ್ತಿ ಇಳಿಸಿ ಹೋಗೇಬಿಟ್ಟ, ಯಾರಪ್ಪ ಇವನು, ಹಾಲಿಸ್‌ಗೆ ಇಲ್ಲಿ ಗುರುತಿನವರೇ ಇಲ್ಲ, ನೋವಾ ಸ್ಕೋಷಿಯಾದ ಕಡಲದಂಡೆಯಿಂದ ಈ ಬಯಲುನಾಡಿನ ಸಾಸ್ಕಟೂನಿಗೆ ಬಂದದ್ದೇ ಮೊನ್ನೆ — ಓ, ತನ್ನ ಮುಖ ಅಣ್ಣ ವರ್ನನ್‌ನದೇ ಪಡಿಯಚ್ಚು, ಅವನೇ ಅಂದುಕೊಂಡಿರಬೇಕು, ಪಕ್ಕದಲ್ಲಿ ಗಾಡಿ ಓಡಿಸುತ್ತಿರುವ ವರ್ನನ್‌ನ ಮಗಳು ಕೊರಿನ್ ನಗುತ್ತಾಳೆ, ಅಯ್ಯೋ ಚಿಕ್ಕಪ್ಪ, ಅದು ನಿಮಗೇ ಅಂತ ಅಲ್ಲ, ಹಳ್ಳಿ ರೋಡಲ್ಲಿ ಎದುರಿಗೆ ಯಾರೇ ಬರಲಿ ಬೆರಳೆತ್ತೋದು ನಮ್ಮ ಪದ್ಧತಿ, ಸುಮ್ನೆ ಕೂತ್ರೆ ಜಂಬದ ಮನುಷ್ಯ ಅಂತಾರೆ, ಸರಿ, ಎತ್ತುತ್ತಾನೆ, ಎತ್ತುವಷ್ಟರಲ್ಲಿ ಗಾಡಿ ದಾಟಿ ಹೋಗಿರುತ್ತದೆ, ಈ ಊರಿನದು ಒಂದೂ ತಲೆಗೆ ಹತ್ತುವುದಿಲ್ಲ, ಬೆಳಿಗ್ಗೆ ಕಾಫಿ ಅಂಗಡಿ ಎಲ್ಲಿ ಎಂದು ಕೇಳಿದರೆ ಎಡ ಬಲ ಅನ್ನದೆ ಉತ್ತರಕ್ಕೆ ಹೋಗಿ ಪೂರ್ವಕ್ಕೆ ತಿರುಗಿ ಅಂದಳು ಒಬ್ಬಳು, ಮೋಡ ಮುಚ್ಚಿದ ದಿನ ಉತ್ತರವನ್ನು ಎಲ್ಲಿಂದ ತರುವುದು, ಒಂದೇ ಸೇತುವೆಯನ್ನು ಎರಡು ಸಲ ದಾಟಿದ, ಅಥವಾ ಎರಡು ಸೇತುವೆಗಳೋ, ಕೆಳಗೆ ನದಿಯ ಕಟ್ಟೆಯ ಬಳಿ ಹೆಜ್ಜಾರ್ಲೆ ಹಕ್ಕಿಗಳು, ಕಡಲೇ ಇಲ್ಲದ ಕಡೆ ಇವಕ್ಕೇನು ಕೆಲಸ, ವರ್ನನ್‌ಗೆ ತಾನೇ ಏನು ಕೆಲಸವಿತ್ತು ಇಲ್ಲಿ, ಹುಟ್ಟು ಹಿಡಿದ ಕೈ ಗೋಧಿ ಬಿತ್ತಿತು, ಅಪ್ಪನ ದೋಣಿಯನ್ನು ಹಾಲಿಸ್ ಮಾರಿದ ದಿನ ಫೋನಿನಲ್ಲಿ, ಇವತ್ತಿಂದ ನಂಗೆ ತಮ್ಮ ಅನ್ನೋನಿಲ್ಲ ಕಣೋ ಅಂದ, ಆಮೇಲೆ ಮಾತೇ ಇಲ್ಲ, ಈಗ, ಚಿಕ್ಕಪ್ಪ, ನಮ್ಮಪ್ಪನಿಗೆ ನೆನಪು ಹೋಗ್ತಿದೆ, ನೋಡೋದಾದ್ರೆ ಬೇಗ ಬನ್ನಿ ಎಂದು ಕೊರಿನ್ನೇ ಕರೆಸಿಕೊಂಡಳು, ಗುರುತು ಹಿಡಿದಾನೇ, ಒಂದು ಸಲ ಹಾಲಿಸ್ ಅಂದರೆ ಸಾಕು, ಬೈದರೂ ಸಾಕು.

ಹುಲ್ಲುಗಾವಲಿನಲ್ಲಿ ಗಾಡಿ ನಿಲ್ಲಿಸಿ ಪೊದೆಯಿಂದ ಹಣ್ಣು ಕಿತ್ತು ಕೊಡುತ್ತಾಳೆ ಕೊರಿನ್, ಇದೂ ಸಾಸ್ಕಟೂನೇ, ಊರಿಗೂ ಹಣ್ಣಿಗೂ ಒಂದೇ ಹೆಸರು, ತಿನ್ನಿ, ಅಪ್ಪನಿಗೆ ಪ್ರಾಣ ಇದು, ಸಿಹಿಯೋ ಒಗರೋ ತಿಳಿಯದು, ಕಣ್ಣು ಆನಿಸಲು ಒಂದು ಗುಡ್ಡವಿಲ್ಲ, ದೂರದಲ್ಲಿ ಗೋಪುರದಂತೆ ನಿಂತ ಆ ಕಾಳಿನ ಕಣಜ ಇಲ್ಲೇ ಇದೆಯೆಂದು ಎಷ್ಟು ಹೊತ್ತಿನಿಂದ ಬರುತ್ತಿದ್ದಾರೆ, ಅದು ಇದ್ದಲ್ಲೇ ಇದೆ — ಆಮೇಲೆ ವೃದ್ಧಾಶ್ರಮದ ಜಗಲಿ, ಗಾಲಿಕುರ್ಚಿಯಲ್ಲಿ ರಸ್ತೆಗೆ ಮುಖ ಮಾಡಿ ಕೂತ ಮುದುಕ, ಎಲಾ, ಕನ್ನಡಿ ನೋಡಿದ ಹಾಗಿದೆ, ಅಪ್ಪ, ನೋಡಿಲ್ಲಿ, ನಿನ್ನ ತಮ್ಮ ಬಂದಿದಾರೆ, ಹಾಲಿಸ್ ಮೆಟ್ಟಿಲ ಹತ್ತಿರ ನಿಂತ, ಅಣ್ಣ, ನಾನು ಕಣೋ, ನೀಲಿ ಕಣ್ಣುಗಳು ಅವನ ಮೇಲೆ ನಿಂತವು, ಕುರ್ಚಿಯ ಕೈಯನ್ನು ಬಿಡದೆ ವರ್ನನ್ ತೋರುಬೆರಳೊಂದನ್ನು ಎತ್ತಿದ, ಇಳಿಸಿದ, ಹಾಲಿಸ್ ಹಿಂದೆ ತಿರುಗಿ ನೋಡಿದ, ರಸ್ತೆ ಖಾಲಿ, ಹಾಗಾದರೆ ನನಗೇ, ಕೊರಿನ್, ನನಗೇ ತಾನೇ, ಗೊತ್ತಿಲ್ಲ ಚಿಕ್ಕಪ್ಪ ಎಂದವಳು ಬೇರೆ ಕಡೆ ನೋಡುತ್ತಾಳೆ, ಹಾಲಿಸ್‌ಗೆ ಅಳು ಬಂತು, ತಾನೂ ಬೆರಳೆತ್ತಿದ, ಈ ಸಲ ತಡವಾಗಲಿಲ್ಲ, ಅಲ್ಲಿ ಮತ್ತೆ ಎದ್ದಿತು, ತಮ್ಮನಿಗೋ, ದಾರಿಯಲ್ಲಿ ಹೋಗುವವನಿಗೋ, ಆ ಬೆರಳು, ಉಗುರು ಸೀಳಿದ ಆ ಬೆರಳು, ಮತ್ತೆ ಆ ಬೆರಳು