ಭಾನುವಾರದ ಹಲ್ಲು

ಹಲ್ಲಣ್ಣ ಕಟ್ಟಿದ ಹಲ್ಲಿನ ಸೆಟ್ಟು ಹಾಕಿಕೊಂಡರೆ ಕಲ್ಲನ್ನೂ ಕಡಿಯಬಹುದು ಎಂದು ಊರಲ್ಲಿ ಮಾತಿತ್ತು. ಮುದುಕನೊಬ್ಬ ಅದನ್ನು ಹಾಕಿಕೊಂಡು ಸೀನಿದಾಗ ಹಲ್ಲು ಹಾರಿಹೋಗಿ ಎದುರು ಕೂತಿದ್ದ ಬೀಗರ ತೋಳು ಕಚ್ಚಿತಂತೆ, ಬಿಡಿಸಲು ಇಬ್ಬರು ಬೇಕಾಯಿತಂತೆ ಎಂಬ ಸುದ್ದಿಯೂ ಇತ್ತು. ಅದನ್ನು ಹಬ್ಬಿಸಿದವನು ಹಲ್ಲಣ್ಣನೇ.

ಹನ್ನೆರಡು ವರ್ಷದಿಂದ ಅವನು ಒಂದೇ ಲ್ಯಾಬಿನಲ್ಲಿ, ಕಿಟಕಿ ಪಕ್ಕದ ಒಂದೇ ಸ್ಟೂಲಿನ ಮೇಲೆ ಕೂತು, ಮೇಣದ ವಸಡು ತಿದ್ದುತ್ತ, ಪ್ಲಾಸ್ಟರ್ ಧೂಳು ಕುಡಿಯುತ್ತ ಬಂದಿದ್ದ. ಈಗ ಸ್ವಂತ ಲ್ಯಾಬು ತೆರೆಯುವ ಆಸೆ ಹುಟ್ಟಿತ್ತು. ಬ್ಯಾಂಕಿನವರು ಸಾಲದ ಅರ್ಜಿಯನ್ನು ವಾಪಸ್ ಕೈಗಿಟ್ಟು, ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ತನ್ನಿ ಅಂದರು.

ಹಲ್ಲಣ್ಣ ಸೀದಾ ಭಾವನ ಹತ್ತಿರ ಹೋದ. ಅಕ್ಕನ ಗಂಡ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಜನರಿಗೆ ರಿಟರ್ನ್ ತುಂಬಿಕೊಡುವವನು.

“ರಿಟರ್ನ್ ಅಂದ್ರೆ ದುಡ್ಡು ವಾಪಸ್ ಬರೋದಲ್ವಾ ಭಾವ?”

“ಹಾಗಂದ್ಕೊಂಡೇ ಎಲ್ಲರೂ ನಗ್ತಾ ನಗ್ತಾ ಬರ್ತಾರೆ,” ಎಂದ ಭಾವ. “ಅದು ನೀನು ಸರ್ಕಾರಕ್ಕೆ ಒಪ್ಪಿಸೋ ಲೆಕ್ಕ ಕಣಯ್ಯ. ವರ್ಷದಲ್ಲಿ ಯಾವ ಬಾಗಿಲಿಂದ ಬಂದ್ರೂ ಸರಿ, ಬಂದ ದುಡ್ಡೆಲ್ಲ ಬರೀಬೇಕು. ಕಾನೂನು ಬಿಡೋದನ್ನ ಕಳೀಬೇಕು. ಉಳಿದದ್ದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ತೆರಿಗೆ. ಮೊದಲ ಮೆಟ್ಟಿಲಿಗೆ ಏನೂ ಇಲ್ಲ, ಮೇಲಿನ ಮೆಟ್ಟಿಲಿಗೆ ಹೋದಷ್ಟಕ್ಕೆ ಮಾತ್ರ ಜಾಸ್ತಿ. ನಿಮ್ಮ ಲ್ಯಾಬಿನ ಯಜಮಾನ ಮೊದಲೇ ಸಂಬಳದಲ್ಲಿ ಹಿಡಿದು ಕಟ್ಟಿದ್ದು ಹೆಚ್ಚಾಗಿದ್ರೆ ನಿನಗೆ ವಾಪಸ್ ಬರತ್ತೆ. ಕಮ್ಮಿ ಆಗಿದ್ರೆ ನೀನು ಕಟ್ಟಬೇಕು.”

“ತಲೆಗೆ ಹೋಗ್ಲಿಲ್ಲ.”

“ನಿನ್ನ ಭಾಷೇಲೇ ಹೇಳ್ತೀನಿ. ನಿನ್ನ ಹೆಸರಲ್ಲಿ ಯಜಮಾನ ಕಟ್ಟಿದ್ದು ಮೇಲ್ದವಡೆ. ನೀನು ಬರೆಯೋದು ಕೆಳದವಡೆ. ಎರಡೂ ಸರಿಯಾಗಿ ಕೂತ್ರೆ ಮುಗೀತು.”

ಭಾವ ಕಂಪ್ಯೂಟರಿನಲ್ಲಿ ಹಲ್ಲಣ್ಣನ ತೆರಿಗೆ ಖಾತೆ ತೆರೆದು ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಹಲ್ಲಣ್ಣ ತಂದಿದ್ದ ಸಂಬಳದ ಚೀಟಿಗಳಲ್ಲಿ ತಿಂಗಳು ತಿಂಗಳೂ ‘ತೆರಿಗೆ ಕಡಿತ’ ಎಂದು ಅಚ್ಚಾಗಿತ್ತು.

“ಮೇಲ್ದವಡೇನೇ ಇಲ್ಲವಲ್ಲಯ್ಯ. ಮೂರು ವರ್ಷಕ್ಕೂ ಸೊನ್ನೆ. ನಿನ್ನ ಹತ್ರ ಹಿಡಿದಿದಾನೆ, ಸರ್ಕಾರಕ್ಕೆ ಬಿಡಿಗಾಸೂ ಕಟ್ಟಿಲ್ಲ.”

ಹಲ್ಲಣ್ಣನಿಗೆ ಅಂಗಾಲಿನ ಉರಿ ನೆತ್ತಿಗೇರಿತು. ಅದೇ ಮಧ್ಯಾಹ್ನ ಚೀಟಿಗಳನ್ನು ಯಜಮಾನನ ಮುಂದೆ ಹರವಿದ. ಲ್ಯಾಬಿನ ಉಳಿದ ಐದು ಜನರ ಮೆಷಿನ್ನುಗಳು ಒಂದೊಂದಾಗಿ ಸುಮ್ಮನಾದವು.

“ನಾನೇನು ತಿಂದು ತೇಗಿದ್ನಾ?” ಎಂದ ಯಜಮಾನ. “ಡಾಕ್ಟರುಗಳು ಆರಾರು ತಿಂಗಳು ಬಿಲ್ಲು ಕೊಡಲ್ಲ. ಆ ದುಡ್ಡಲ್ಲೇ ನಿಮ್ಮ ಆರು ಜನದ ಸಂಬಳ ತೂಗಿಸಿದೀನಿ. ಒಂದು ತಿಂಗಳಾದ್ರೂ ತಪ್ಪಿಸಿದೀನಾ, ಹೇಳು.”

“ಅಂದ್ರೆ ನನ್ನ ದುಡ್ಡಲ್ಲೇ ನನಗೆ ಸಂಬಳ ಕೊಟ್ರಾ ಸಾರ್?”

ಯಾರೋ ಹಿಂದೆ ಕಿಸಕ್ಕೆಂದರು. ಯಜಮಾನನ ಮುಖ ಕೆಂಪಾಯಿತು.

“ಹಲ್ಲು ಕಟ್ಟೋನು ಹಲ್ಲು ಕಟ್ಕೊಂಡಿರಬೇಕು, ಬಾಯಿ ಬಿಡಬಾರದು. ಭಾನುವಾರ ನಿಮ್ಮನೆ ಅಡುಗೆಮನೇಲಿ ಯಾರ ಹಲ್ಲು ಬೇಯತ್ತೆ ಅಂತ ನನಗೆ ಗೊತ್ತಿಲ್ವಾ? ಆ ಕಾಸು ಯಾವ ಲೆಕ್ಕದಲ್ಲಿ ಬರ್ದಿದೀಯ? ಕೊಡು ದೂರು. ಬೆನ್ನಿಗೇ ನಂದೂ ಒಂದು ಹೋಗತ್ತೆ.”

ಹಲ್ಲಣ್ಣ ಚೀಟಿಗಳನ್ನು ಬಾಚಿಕೊಂಡ. ಮಾತು ನಿಜವೇ ಆಗಿತ್ತು. ರಜೆಯ ದಿನ ಮನೆಯಲ್ಲಿ ಹಲ್ಲು ಕಟ್ಟಿ ಕೈಗೆ ಕಾಸು ಪಡೆಯುತ್ತಿದ್ದ. ಹಲ್ಲು ಕೂರಿಸುವ ವಸಡು ಗಟ್ಟಿಯಾಗಲು ಕುದಿಯುವ ನೀರಲ್ಲಿ ಬೇಯಬೇಕು. ಅದಕ್ಕೆ ಹೆಂಡತಿಯ ದೊಡ್ಡ ಪಾತ್ರೆಯೇ ಗತಿ.

ಮೂರು ದಿನ ಅವನು ಹಲ್ಲು ಕಡಿದ ಸದ್ದಿಗೆ ಪಕ್ಕದ ಮನೆಯವರು ಹಿಟ್ಟಿನ ಗಿರಣಿ ಬಂತೇನೋ ಎಂದು ಇಣುಕಿದರು. ಸ್ವಂತ ಹಲ್ಲಾಗಿದ್ದಕ್ಕೆ ಸರಿ, ಬೇರೆಯವರು ಕಟ್ಟಿದ್ದಾಗಿದ್ದರೆ ಪುಡಿಪುಡಿಯಾಗುತ್ತಿತ್ತು. ನಾಲ್ಕನೆಯ ದಿನ ಭಾವನನ್ನು ಮನೆಗೇ ಕರೆಸಿದ.

“ಅವನಿಗೆ ಸರಿಯಾಗಿ ರಿಟರ್ನ್ ಕೊಡಬೇಕು ಭಾವ.”

“ಮೊದ್ಲು ಸರ್ಕಾರಕ್ಕೆ ಕೊಡು.”

“ಸಂಬಳದ್ದು ಬರೀರಿ. ಭಾನುವಾರದ್ದು ಬಿಡಿ. ಕೈಗೆ ಬಂದ ಕಾಸು, ಯಾರಿಗೆ ಗೊತ್ತು?”

“ಅವನಿಗೆ ಗೊತ್ತಲ್ಲ. ಬಿಟ್ರೆ ನಿನ್ನ ಜುಟ್ಟು ಅವನ ಕೈಲೇ ಇರತ್ತೆ.”

“ಅದಕ್ಕೆ ನಾನೇ ಬೋಳಿಸ್ಕೋಬೇಕು ಅಂತೀರಾ?”

“ಹೂಂ. ಬೋಳು ತಲೆ ಯಾರ ಕೈಗೂ ಸಿಗಲ್ಲ.”

ಎಷ್ಟು ಸೆಟ್ಟು ಕಟ್ಟಿದ್ದೆ ಎಂದು ಹಲ್ಲಣ್ಣನಿಗೆ ನೆನಪಿರಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲು ಮುಂದಕ್ಕೆ ಎಳೆದಳು. ಅದರ ಹಿಂದೆ ಸೀಸದಕಡ್ಡಿಯ ಗೀಟುಗಳು ಇರುವೆ ಸಾಲಿನ ಹಾಗೆ ಮೇಲಕ್ಕೇರಿದ್ದವು.

“ಹೊಸ ಪಾತ್ರೆ ತಂದ್ಕೊಡ್ತೀನಿ ಅಂದಿದ್ರಲ್ಲ. ನನ್ನ ಪಾತ್ರೇಲಿ ಬೆಂದ ಒಂದೊಂದು ಸೆಟ್ಟಿಗೂ ಒಂದೊಂದು ಗೀಟು. ನೂರಾದಾಗ ಜಗಳ ತೆಗೆಯೋಣ ಅಂತಿದ್ದೆ. ನೂರ ನಲವತ್ತೊಂದಾಗಿದೆ.”

ಭಾವ ಬಾಗಿಲಿನ ಫೋಟೋ ತೆಗೆದುಕೊಂಡ. “ಪ್ಲಾಸ್ಟರು, ವಸಡಿನ ಪುಡಿ, ಹಲ್ಲು, ಇವೆಲ್ಲದರ ಖರ್ಚು ಕಳೀಬಹುದು. ರಸೀದಿ ಇರೋದು ಕೊಡಿ.”

“ಪಾತ್ರೇದೂ ಕಳೀಬಹುದಾ?” ಎಂದು ಅವಳು ಕೇಳಿದಳು.

“ತಂದ್ಕೊಟ್ಟಿದ್ರೆ ಕಳೀಬಹುದಿತ್ತಮ್ಮ.”

ಭಾನುವಾರದ ಕಾಸಿನ ತೆರಿಗೆ, ಬಡ್ಡಿ, ತಡವಾಗಿದ್ದಕ್ಕೆ ದಂಡ, ಎಲ್ಲ ಸೇರಿ ಸ್ವಂತ ಲ್ಯಾಬಿಗೆಂದು ಕೂಡಿಟ್ಟದ್ದರಲ್ಲಿ ಅರ್ಧ ಹೋಯಿತು. ಹಲ್ಲಣ್ಣ ಅದನ್ನು ಕಟ್ಟಿದ್ದು ಪುಣ್ಯಕ್ಕಲ್ಲ. ನನ್ನ ಒಂದು ಕಣ್ಣು ಹೋದರೂ ಹೋಗಲಿ, ಅವನ ಎರಡೂ ಹೋಗಬೇಕು ಎಂಬ ಹಟಕ್ಕೆ. ರಿಟರ್ನ್ ತುಂಬಿದ ಮರುದಿನವೇ ಸಂಬಳದ ಚೀಟಿಗಳನ್ನು ಜೋಡಿಸಿ ಯಜಮಾನನ ಮೇಲೆ ದೂರು ಕೊಟ್ಟ.

ಎರಡು ತಿಂಗಳಿಗೆ ಇಬ್ಬರಿಗೂ ತೆರಿಗೆ ಕಚೇರಿಯಿಂದ ಕರೆ ಬಂತು. ಅಧಿಕಾರಿ ಒಬ್ಬ ಹೆಂಗಸು, ನೆಗಡಿಯಾಗಿ ಮೂಗೊರೆಸಿಕೊಳ್ಳುತ್ತಿದ್ದರು. ಯಜಮಾನ ಕೂರುವ ಮೊದಲೇ ಶುರುಮಾಡಿದ.

“ಮೇಡಂ, ಇವನೇ ದೊಡ್ಡ ಕಳ್ಳ. ಮನೇಲಿ ಕದ್ದುಮುಚ್ಚಿ ಹಲ್ಲು ಕಟ್ತಾನೆ. ಆ ಆದಾಯ ಕೇಳಿ ಮೊದ್ಲು.”

ಈ ಗಳಿಗೆಗಾಗಿಯೇ ಹಲ್ಲಣ್ಣ ಎರಡು ತಿಂಗಳು ಬಾಯಲ್ಲಿ ನೀರೂರಿಸಿಕೊಂಡು ಕಾದಿದ್ದ. ಅಧಿಕಾರಿ ಕಂಪ್ಯೂಟರ್ ಕಡೆ ತಿರುಗಿದರು.

“ಮನೆಯಲ್ಲಿ ಕಟ್ಟಿದ ಹಲ್ಲು, ನೂರ ನಲವತ್ತೊಂದು ಸೆಟ್ಟು. ಬರ್ದಿದಾರೆ. ದಂಡ ಸಮೇತ ಕಟ್ಟಿದಾರೆ. ಬೇರೆ ಏನಾದ್ರೂ ಹೇಳೋದಿದ್ಯಾ?”

ಯಜಮಾನ ಈಗ ಕುರ್ಚಿ ಎಳೆದುಕೊಂಡು ಕೂತ.

“ಚೀಟಿಗಳಿವೆ, ಹಿಡಿದ ದುಡ್ಡಿಗೆ ಅವರನ್ನ ಮತ್ತೆ ಕೇಳಲ್ಲ. ನಿಮ್ಮಿಂದ ವಸೂಲಿ ಮಾಡ್ತೀವಿ,” ಎಂದು ಅಧಿಕಾರಿ ಒಂದು ಫಾರಂ ಮುಂದಕ್ಕೆ ತಳ್ಳಿದರು. “ಆರೂ ಜನದ್ದು ತುಂಬಿ. ತೆರಿಗೆ ನಂಬರ್ ಸಮೇತ.”

ಹೊರಗೆ ಓಣಿಯಲ್ಲಿ ಒಂದು ಉದ್ದ ಮೇಜಿತ್ತು. ಯಜಮಾನ ಅದರ ಮುಂದೆ ಪೆನ್ನು ಹಿಡಿದು ಕೂತ.

“ನಾಳೆಯಿಂದ ಬರಬೇಡ ಅಂದ್ರೆ?”

“ಅನ್ನಿ. ಅದನ್ನೂ ಬರೆದುಕೊಡಿ.”

ಯಜಮಾನ ಫಾರಂ ನೋಡುತ್ತ ಕೂತ. ಮೂರು ವರ್ಷ ದುಡ್ಡು ಹಿಡಿದಿದ್ದರೂ ಒಬ್ಬರ ನಂಬರನ್ನೂ ಕೇಳಿರಲಿಲ್ಲ. ಕಟ್ಟದ ದುಡ್ಡಿಗೆ ನಂಬರ್ ಏಕೆ?

“ನಂಬರ್ ಹೇಳಪ್ಪ,” ಎಂದ ಕೊನೆಗೆ.

ಹಲ್ಲಣ್ಣ ಜೇಬಿನಿಂದ ಚೀಟಿ ತೆಗೆದ. ಆರು ಜನದ್ದೂ ಬರೆಸಿಕೊಂಡು ಬಂದಿದ್ದ. ಓಣಿಯಲ್ಲಿದ್ದವರಿಗೆಲ್ಲ ಕೇಳುವಂತೆ ಒಂದೊಂದೇ ಅಂಕಿ ಹೇಳಿದ.

“ಒಂದಲ್ಲ ಸಾರ್, ಏಳು. ಹೊಡೆದುಹಾಕಿ ಮತ್ತೆ ಬರೀರಿ.”

ಯಜಮಾನ ಹೊಡೆದುಹಾಕಿ ಮತ್ತೆ ಬರೆದ. ಅಂಕಿಯ ಮೇಲೆ ಎಳೆದ ಆ ಗೀಟನ್ನು ಹಲ್ಲಣ್ಣ ರೆಪ್ಪೆ ಹೊಡೆಯದೆ ನೋಡಿದ. ಅದಕ್ಕೆ ಅರ್ಧ ಲ್ಯಾಬಿನ ಬೆಲೆ ತೆತ್ತಿದ್ದ. ಎರಡು ನಂಬರ್ ಮುಗಿದವು, ಮೂರು ಮುಗಿದವು. ಲ್ಯಾಬಿನಲ್ಲಿ ಹಲ್ಲು ಪಾಲಿಶ್ ಮಾಡುವ ಹೆಂಗಸಿನ ನಂಬರಿಗೆ ಬಂದಾಗ ಫ್ಯಾನಿನ ಗಾಳಿಗೆ ಫಾರಂ ಮಗುಚಿ ಮೇಜಿನ ತುದಿಗೆ ಜಾರಿತು. ಯಜಮಾನ ಒಂದು ಕೈಯಲ್ಲಿ ಕನ್ನಡಕ, ಇನ್ನೊಂದರಲ್ಲಿ ಪೆನ್ನು ಹಿಡಿದು ಮೇಜೆಲ್ಲ ತಡಕಿದ.

ಹಲ್ಲಣ್ಣ ಕಾಗದವನ್ನು ಸರಿಯಾಗಿ ತಿರುಗಿಸಿಟ್ಟ. ಗಂಟಿಕ್ಕಿದ ಮುಖ ಸಡಿಲಿಸದೆ, ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, “ಹೂಂ, ಮುಂದಿಂದು ಬರ್ಕೊಳ್ಳಿ,” ಅಂದ. ಈ ಸಲ ದನಿ ಮೇಜಿನ ಆಚೆಗೆ ಹೋಗಲಿಲ್ಲ.